ಮೀಯಲಾಗದ ದಿನಗಳಿಗೆ ಯಾವ ಕ್ರಮ ಹೊಂದುತ್ತದೆ: ಖಿನ್ನತೆ, ದೀರ್ಘ ಕಾಯಿಲೆ ಮತ್ತು ಇಂದ್ರಿಯ ಸೂಕ್ಷ್ಮತೆ ಇರುವವರಿಗೆ ಒಂದು ಹೋಲಿಕೆ

ಸ್ನಾನ ಮಾಡಲು, ಹಲ್ಲುಜ್ಜಲು, ತಲೆ ಬಾಚಲು ಆಗದೆ ದಿನಗಳು ಕಳೆಯುತ್ತಿರುವಾಗ, ಯಾವ ವಿಧಾನ ಒಳ್ಳೆಯದು ಎಂದು ಕೇಳುವ ಮೊದಲು ತಡೆಯುತ್ತಿರುವುದು ಯಾವುದು ಎಂದು ಕಂಡುಕೊಳ್ಳಬೇಕು. ಖಿನ್ನತೆಯಲ್ಲಿ ಎದ್ದು ಕೆಲಸಕ್ಕೆ ತೊಡಗುವುದೇ ಕಷ್ಟವಾಗುತ್ತದೆ. ಬಚ್ಚಲು ಹತ್ತು ಹೆಜ್ಜೆ ದೂರದಲ್ಲಿದ್ದರೂ ಅಲ್ಲಿಗೆ ತಲುಪುವ ಮುನ್ನ ಮಾಡಬೇಕಾದ ಸಣ್ಣ ಕೆಲಸಗಳ ಸಾಲು ಮನಸ್ಸನ್ನು ಸೋಲಿಸಿಬಿಡುತ್ತದೆ. ಆಮವಾತ, ಹೃದಯದ ದೌರ್ಬಲ್ಯ, ಶ್ವಾಸಕೋಶದ ಕಾಯಿಲೆ ಇದ್ದವರಿಗೆ ಮನಸ್ಸಿದ್ದರೂ ನಿಲ್ಲಲು, ಬಗ್ಗಲು, ಕೈ ಎತ್ತಲು ಮೈ ಒಪ್ಪುವುದಿಲ್ಲ. ಆಟಿಸಂ ಇರುವವರಲ್ಲಿ ಮತ್ತು ಬೇರೆ ಕಾರಣಗಳಿಂದ ಇಂದ್ರಿಯಗಳು ಅತಿಯಾಗಿ ಚುರುಕಾಗಿರುವವರಲ್ಲಿ ತೊಂದರೆ ಮತ್ತೊಂದು ಬಗೆಯದು: ನೀರಿನ ಹನಿ ಬಡಿಯುವುದು, ಸಾಬೂನಿನ ಪರಿಮಳ, ಚಂಡಿ ಬಟ್ಟೆ ಮೈಗೆ ಅಂಟುವುದು ಅವರಿಗೆ ನಿಜವಾದ ನೋವಾಗಿಯೇ ಅನುಭವಕ್ಕೆ ಬರುತ್ತದೆ. ಇವುಗಳಲ್ಲಿ ಒಬ್ಬರಿಗೆ ಆರಾಮ ಕೊಡುವ ಕ್ರಮ ಇನ್ನೊಬ್ಬರನ್ನು ಬಚ್ಚಲಿನಿಂದ ಇನ್ನಷ್ಟು ದೂರ ಮಾಡಬಹುದು. ಆದ್ದರಿಂದ ಮುಂದಿನ ಹೋಲಿಕೆಯಲ್ಲಿ ಯಾವುದು ಹೆಚ್ಚು ಸ್ವಚ್ಛ ಮಾಡುತ್ತದೆ ಎಂಬುದಕ್ಕಿಂತ ಯಾವುದು ಯಾವ ತಡೆಯನ್ನು ಕಡಿಮೆ ಮಾಡುತ್ತದೆ ಎಂಬುದಕ್ಕೇ ಹೆಚ್ಚು ಬೆಲೆ ಕೊಟ್ಟಿದ್ದೇನೆ.

ಕಾಸರಗೋಡು, ಕುಂಬಳೆ, ಮಂಜೇಶ್ವರದ ಕಡೆಯ ಮನೆಗಳಲ್ಲಿ ಇವುಗಳ ಜೊತೆಗೆ ಇನ್ನೊಂದು ತಡೆಯೂ ಇರುತ್ತದೆ. ಮಿಂದು ಬಾರದೆ ಅಡುಗೆಮನೆಗೆ ಕಾಲಿಡಬಾರದು, ಮೀಯದೆ ತಿಂಡಿಗೆ ಕುಳಿತುಕೊಳ್ಳಬಾರದು ಎಂಬ ರೂಢಿ ಹಲವು ಮನೆಗಳಲ್ಲಿ ಇಂದಿಗೂ ಬಲವಾಗಿದೆ. ಆರೋಗ್ಯವಂತರಿಗೆ ಇದರಿಂದ ತೊಂದರೆಯಿಲ್ಲ. ಆದರೆ ಖಿನ್ನತೆಯಲ್ಲಿರುವ ಸೊಸೆಯೋ ಕಾಲೇಜಿಗೆ ಹೋಗುವ ಮಗನೋ ಬೆಳಿಗ್ಗೆ ಮೀಯಲಾರದೆ ಕೋಣೆಯಲ್ಲಿಯೇ ಉಳಿದರೆ ತಿಂಡಿ ತಪ್ಪುತ್ತದೆ, ಊಟದ ನಂತರ ತೆಗೆದುಕೊಳ್ಳಬೇಕಾದ ಮಾತ್ರೆ ತಪ್ಪುತ್ತದೆ, ಮಾತ್ರೆ ತಪ್ಪಿದ್ದರಿಂದ ಮರುದಿನ ಏಳುವುದು ಇನ್ನೂ ಕಷ್ಟವಾಗುತ್ತದೆ. ಕಾಯಿಲೆಯವರ ಮಟ್ಟಿಗೆ ಊಟವನ್ನು ಸ್ನಾನದ ನಿಯಮದಿಂದ ಬೇರೆಯಾಗಿಯೇ ಇಡಬೇಕೆಂದು ಮನೆಯ ಹಿರಿಯರಲ್ಲಿ ನನ್ನ ಗಟ್ಟಿಯಾದ ವಿನಂತಿ. ಇದು ಸಂಪ್ರದಾಯಕ್ಕೆ ಹೊರತಾದುದೂ ಅಲ್ಲ: ನೀರಿನಲ್ಲಿ ಮೀಯಲಾಗದ ಅಸ್ವಸ್ಥರಿಗೆ ಮಂತ್ರಸ್ನಾನ, ಭಸ್ಮಸ್ನಾನ ಮೊದಲಾದ ಬದಲಿ ಕ್ರಮಗಳನ್ನು ಧರ್ಮಶಾಸ್ತ್ರಗಳೇ ಹೇಳಿವೆ, ನೀರು ತಾಗಿಸಲಾಗದ ರೋಗಿಗೆ ಇಸ್ಲಾಮಿನಲ್ಲಿ ಶುದ್ಧ ಮಣ್ಣು ಮುಟ್ಟಿ ಮುಖ, ಕೈ ಸವರಿಕೊಳ್ಳುವ ತಯಮ್ಮುಮ್ ಇದೆ.

ಎಷ್ಟು ಸ್ವಚ್ಛವಾದರೆ ಸಾಕು

ಪ್ರತಿದಿನ ತಲೆಯಿಂದ ಕಾಲಿನವರೆಗೆ ಸ್ನಾನ ಮಾಡಲೇಬೇಕೆಂಬ ವೈದ್ಯಕೀಯ ನಿಯಮವಿಲ್ಲ. ಕೈಗಳು, ಮುಖ, ಕಂಕುಳು, ಸ್ತನಗಳ ಕೆಳಗೆ ಮತ್ತು ಹೊಟ್ಟೆಯ ಮಡಿಕೆಗಳು, ತೊಡೆಸಂದು, ಗುಹ್ಯಭಾಗ, ಕಾಲ್ಬೆರಳುಗಳ ಸಂದು ಇಷ್ಟು ಶುಚಿಯಾಗಿದ್ದರೆ ಸೋಂಕು ಮತ್ತು ದುರ್ವಾಸನೆಯ ಬಹುಪಾಲು ಅಪಾಯ ತಪ್ಪುತ್ತದೆ. ನಮ್ಮ ಕರಾವಳಿಯ ಹವೆಯಲ್ಲಿ ತೊಳೆಯುವುದಕ್ಕಿಂತಲೂ ಒಣಗಿಸುವುದು ಮುಖ್ಯ ಎಂಬುದನ್ನು ಇಲ್ಲಿಯೇ ಹೇಳಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಗಾಳಿಯಲ್ಲಿಯೇ ತೇವ ತುಂಬಿರುತ್ತದೆ. ಆಗ ಸರಿಯಾಗಿ ಒರೆಸಿಕೊಳ್ಳದ ಮಡಿಕೆಗಳಲ್ಲಿ ಹುಳುಕಡ್ಡಿ ಮತ್ತಿತರ ಶಿಲೀಂಧ್ರದ ಸೋಂಕು ಬೇಗ ಹುಟ್ಟಿಕೊಳ್ಳುತ್ತದೆ. ಎರಡು ಬಾಲ್ದಿ ನೀರು ಹೊಯ್ದುಕೊಂಡು ಒದ್ದೆ ಮೈಯಲ್ಲಿಯೇ ಬಟ್ಟೆ ಹಾಕಿಕೊಂಡವರಿಗಿಂತ, ಈ ಭಾಗಗಳನ್ನಷ್ಟೇ ಒದ್ದೆ ಬಟ್ಟೆಯಲ್ಲಿ ಒರೆಸಿ ಚೆನ್ನಾಗಿ ಒಣಗಿಸಿಕೊಂಡವರ ಚರ್ಮ ಹೆಚ್ಚು ಸುರಕ್ಷಿತ.

ಹಂಡೆ, ಶವರ್, ಕುರ್ಚಿ, ಒದ್ದೆ ಬಟ್ಟೆ

ಹಂಡೆಯ ಬಿಸಿನೀರನ್ನು ಚೆಂಬಿನಿಂದ ಹೊಯ್ದುಕೊಳ್ಳುವುದು ನಮ್ಮ ಮನೆಗಳ ಮೂಲ ಕ್ರಮ. ಆಮವಾತದವರಿಗೆ ಬೆಳಗಿನ ಹೊತ್ತು ಕೈಕಾಲುಗಳ ಗಂಟುಗಳು ಅರ್ಧ ಗಂಟೆಯಿಂದ ಒಂದು ಗಂಟೆಗೂ ಮೀರಿ ಬಿಗಿದುಕೊಂಡಿರುತ್ತವೆ. ಅವರಿಗೆ ಬಿಸಿನೀರು ಔಷಧಿಯಷ್ಟೇ ಹಿತ. ಇಂದ್ರಿಯ ಸೂಕ್ಷ್ಮತೆ ಇರುವ ಹಲವರಿಗೂ ಚೆಂಬು ಒಗ್ಗುತ್ತದೆ, ಏಕೆಂದರೆ ನೀರು ಯಾವಾಗ, ಎಲ್ಲಿ, ಎಷ್ಟು ಬೀಳಬೇಕೆಂಬುದು ಅವರ ಕೈಯಲ್ಲಿಯೇ ಇರುತ್ತದೆ. ಆದರೆ ಖಿನ್ನತೆಯವರಿಗೆ ಇದು ಅತಿ ಉದ್ದದ ದಾರಿ. ಅಡಿಕೆ ಸಿಪ್ಪೆಯನ್ನೋ ತೆಂಗಿನ ಮಡಲನ್ನೋ ತಂದು ಒಲೆ ಹೊತ್ತಿಸಬೇಕು, ಕಾಯಬೇಕು, ನೀರು ಬೆರೆಸಬೇಕು. ಮನೆಯವರು ಯಾರಾದರೂ ನೀರು ಕಾಯಿಸಿ, ಬೈರಾಸು ಮತ್ತು ಬಟ್ಟೆಯನ್ನು ಅಲ್ಲಿಯೇ ಇಟ್ಟು, ಏನೂ ಹೇಳದೆ ಬಂದರೆ ಅರ್ಧದಷ್ಟು ಭಾರ ಇಳಿಯುತ್ತದೆ. ಆಸ್ತಮಾ ಮತ್ತು ಶ್ವಾಸಕೋಶದ ಕಾಯಿಲೆಯವರು ಒಲೆ ಉರಿಯುತ್ತಿರುವಾಗ ಒಳಗೆ ಕುಳಿತುಕೊಳ್ಳಬಾರದು. ಹೊಗೆ ಇಳಿದ ಮೇಲೆ ಹೋಗಬೇಕು.

ಬಿಸಿನೀರು ಎಲ್ಲರಿಗೂ ಹಿತವಲ್ಲ ಎಂಬ ಎಚ್ಚರಿಕೆ ಅಗತ್ಯ. ಬಿಸಿಗೆ ಚರ್ಮದ ರಕ್ತನಾಳಗಳು ಹಿಗ್ಗಿ ರಕ್ತದೊತ್ತಡ ಇಳಿಯುತ್ತದೆ. ಎದ್ದು ನಿಂತಾಗ ಎದೆಬಡಿತ ಏರುವ ಪಾಟ್ಸ್ ಎಂಬ ತೊಂದರೆ ಇರುವವರು, ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವ ವೃದ್ಧರು ಬಿಸಿನೀರಿನ ಸ್ನಾನ ಮುಗಿಸಿ ಏಳುವಾಗ ತಲೆಸುತ್ತಿ ಬೀಳಬಹುದು. ಮಿದುಳು ಮತ್ತು ಬೆನ್ನುಹುರಿಯ ನರಗಳನ್ನು ಬಾಧಿಸುವ ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರಲ್ಲಿ ಮೈ ಬಿಸಿಯೇರಿದರೆ ಕಣ್ಣು ಮಂಜಾಗುವುದು, ಕಾಲು ಸೋಲುವುದು ತಾತ್ಕಾಲಿಕವಾಗಿ ಹೆಚ್ಚುತ್ತದೆ. ಇವರೆಲ್ಲರೂ ಉಗುರುಬೆಚ್ಚಗಿನ ನೀರನ್ನೇ ಆರಿಸಿಕೊಳ್ಳಬೇಕು. ಸಕ್ಕರೆ ಕಾಯಿಲೆಯಿಂದ ಕಾಲಿನ ಸ್ಪರ್ಶಜ್ಞಾನ ಕುಗ್ಗಿದವರು ನೀರಿನ ಬಿಸಿಯನ್ನು ಕಾಲಿನಿಂದ ನೋಡದೆ ಮೊಣಕೈಯಿಂದ ನೋಡಬೇಕು, ಇಲ್ಲವಾದರೆ ಸುಟ್ಟ ಗಾಯ ಗೊತ್ತಾಗುವುದೇ ಇಲ್ಲ.

ಶವರ್‌ನ ದೊಡ್ಡ ಅನುಕೂಲವೆಂದರೆ ಬಗ್ಗಿ ನೀರು ತುಂಬಿಕೊಳ್ಳುವ ಶ್ರಮ ಇಲ್ಲದಿರುವುದು. ಬೆನ್ನು, ಸೊಂಟ, ಭುಜದ ನೋವಿನವರಿಗೆ ಇದು ಚೆಂಬಿಗಿಂತ ಮೇಲು. ಗೀಸರ್ ಇದ್ದರೆ ಖಿನ್ನತೆಯವರಿಗೂ ಹಲವು ಹಂತಗಳು ತಪ್ಪುತ್ತವೆ. ಆದರೆ ತಲೆಯ ಮೇಲಿನಿಂದ ನೂರಾರು ಹನಿಗಳು ಒಮ್ಮೆಲೇ ಬಡಿಯುವುದು, ಅದರ ಸದ್ದು ಟೈಲ್ಸ್ ಗೋಡೆಗೆ ತಾಗಿ ಮೊಳಗುವುದು ಸೂಕ್ಷ್ಮ ಇಂದ್ರಿಯದವರಿಗೆ ಸಹಿಸಲಾರದ ಅನುಭವ. ಕೈಯಲ್ಲಿ ಹಿಡಿಯುವ ಶವರ್ ಇದಕ್ಕೆ ಒಳ್ಳೆಯ ಪರಿಹಾರ. ಅದನ್ನು ಮೈಗೆ ಹತ್ತಿರ ಹಿಡಿದು ಪಾದದಿಂದ ಮೇಲಕ್ಕೆ ಬರಬಹುದು, ತಲೆಯನ್ನು ಬಿಟ್ಟುಬಿಡಬಹುದು. ಗ್ಯಾಸ್ ಗೀಸರ್ ಇಟ್ಟುಕೊಂಡವರು ಅದನ್ನು ಬಚ್ಚಲಿನ ಹೊರಗಡೆಯೇ ಇರಿಸಬೇಕು. ಗಾಳಿಯಾಡದ ಕೋಣೆಯಲ್ಲಿ ಅದರಿಂದ ಹೊಮ್ಮುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಅದು ಪ್ರಾಣಾಂತಿಕ. ನೀರಿಗೆ ಇಳಿಬಿಡುವ ಹೀಟರ್ ರಾಡಿನ ಸ್ವಿಚ್ ಆರಿಸಿ ಪ್ಲಗ್ ಕಳಚಿದ ಮೇಲೆಯೇ ನೀರು ಮುಟ್ಟಬೇಕು. ಮಾತ್ರೆಯ ಮಂಪರಿನಲ್ಲಿರುವವರ ಕೈಗೆ ಇಂಥ ರಾಡನ್ನು ಕೊಡದಿರುವುದೇ ಸರಿ.

ಚೆಂಬಾಗಲಿ ಶವರ್ ಆಗಲಿ, ಕುಳಿತು ಮೀಯುವುದು ನಿಂತು ಮೀಯುವುದಕ್ಕಿಂತ ಯಾವಾಗಲೂ ಕಡಿಮೆ ಶ್ರಮದ್ದು. ನಮ್ಮ ಹಳೆಯ ಮನೆಗಳಲ್ಲಿ ಮಣೆಯ ಮೇಲೆ ಕುಳಿತು ಮೀಯುವ ಅಭ್ಯಾಸವಿತ್ತು. ಮಂಡಿನೋವಿನವರಿಗೆ ಅಷ್ಟು ತಗ್ಗಿನಿಂದ ಏಳುವುದು ಕಷ್ಟ. ಮಂಡಿಯ ಎತ್ತರದ, ಕಾಲುಗಳಿಗೆ ರಬ್ಬರಿನ ಬುಡವಿರುವ ಸ್ನಾನದ ಕುರ್ಚಿಯೇ ಇವುಗಳಲ್ಲಿ ಉತ್ತಮ. ಸಾಮಾನ್ಯ ಪ್ಲಾಸ್ಟಿಕ್ ಕುರ್ಚಿ ಅಗ್ಗ, ಆದರೆ ಒದ್ದೆ ನೆಲದಲ್ಲಿ ಅದರ ಕಾಲು ಜಾರುತ್ತದೆ. ಅದನ್ನೇ ಬಳಸುವುದಾದರೆ ಗೋಡೆಗೆ ಒತ್ತಿ ಇಟ್ಟು, ಕೆಳಗೆ ರಬ್ಬರ್ ಚಾಪೆ ಹಾಸಬೇಕು. ದುಡ್ಡು ಒಂದೇ ವಸ್ತುವಿಗೆ ಇದೆ ಎಂದಾದರೆ ನಾನು ಗೀಸರ್‌ಗಿಂತ ಮೊದಲು ಕುರ್ಚಿಯನ್ನೂ ಗೋಡೆಯ ಹಿಡಿಕೆಯನ್ನೂ ಹೇಳುತ್ತೇನೆ. ಬಚ್ಚಲು ಮನೆಯ ಹಿಂಭಾಗದಲ್ಲಿ ಬೇರೆಯಾಗಿರುವ ಕಡೆ ಆಟಿ ತಿಂಗಳ (ಜುಲೈ-ಆಗಸ್ಟ್ ನಡುವಿನ ತುಳು ತಿಂಗಳು) ಮಳೆಗೆ ಅಂಗಳದಲ್ಲಿ ಪಾಚಿ ಕಟ್ಟುತ್ತದೆ; ಆ ಒಂದು ತಿಂಗಳ ಮಟ್ಟಿಗಾದರೂ ರೋಗಿಯ ಸ್ನಾನವನ್ನು ಮನೆಯೊಳಗಿನ ಶೌಚಾಲಯಕ್ಕೆ ವರ್ಗಾಯಿಸುವುದು ಕ್ಷೇಮ.

ಬಚ್ಚಲಿಗೆ ಹೋಗಲೇ ಆಗದ ದಿನಗಳಿಗೆ ಒದ್ದೆ ಬಟ್ಟೆಯಿಂದ ಮೈ ಒರೆಸಿಕೊಳ್ಳುವ ಕ್ರಮವಿದೆ. ಆಸ್ಪತ್ರೆಗಳಲ್ಲಿ ದಾದಿಯರು ಪ್ರತಿದಿನ ಮಾಡುವ ಕೆಲಸವಿದು, ಇದನ್ನು ಅರೆಬರೆ ಸ್ನಾನವೆಂದು ಕೀಳಾಗಿ ಕಾಣಬೇಕಾಗಿಲ್ಲ. ಒಂದು ಪಾತ್ರೆಯಲ್ಲಿ ಸ್ವಲ್ಪ ಸಾಬೂನು ಬೆರೆಸಿದ ಬೆಚ್ಚಗಿನ ನೀರು, ಇನ್ನೊಂದರಲ್ಲಿ ಬರಿಯ ನೀರು, ಎರಡು ಮೆತ್ತನೆಯ ಬಟ್ಟೆ ಇದ್ದರೆ ಸಾಕು. ಮುಖದಿಂದ ತೊಡಗಿ ಕೆಳಗೆ ಬಂದು ಗುಹ್ಯಭಾಗವನ್ನು ಕೊನೆಗೆ, ಮುಂದಿನಿಂದ ಹಿಂದಕ್ಕೆ ಒರೆಸಬೇಕು. ಒಂದೊಂದು ಭಾಗವನ್ನು ಒರೆಸಿ, ಒಣಗಿಸಿ, ಮುಚ್ಚಿಕೊಂಡು ಮುಂದೆ ಹೋದರೆ ಚಳಿಯಾಗುವುದಿಲ್ಲ. ಸ್ವಲ್ಪ ಶ್ರಮಕ್ಕೂ ಮರುದಿನವಿಡೀ ಹಾಸಿಗೆ ಹಿಡಿಯುವಂಥ ದಣಿವಿನ ಕಾಯಿಲೆ ಇರುವವರು ಮೇಲಿನ ಅರ್ಧವನ್ನು ಒಂದು ದಿನ, ಕೆಳಗಿನ ಅರ್ಧವನ್ನು ಮರುದಿನ ಎಂದು ಹಂಚಿಕೊಳ್ಳಬಹುದು. ತೊಡೆಸಂದು ಮತ್ತು ಗುಹ್ಯಭಾಗವನ್ನು ಮಾತ್ರ ದಿನವೂ ನೋಡಿಕೊಳ್ಳಬೇಕು.

ಅಂಗಡಿಯಲ್ಲಿ ಸಿಗುವ ಒದ್ದೆ ವೈಪ್ಸ್ ಎಲ್ಲಕ್ಕಿಂತ ಕಡಿಮೆ ಹಂತಗಳದ್ದು. ಹಾಸಿಗೆಯಿಂದ ಏಳದೆಯೂ ಬಳಸಬಹುದು. ಖಿನ್ನತೆ ತೀವ್ರವಾಗಿರುವ ವಾರಗಳಲ್ಲಿ ತಲೆದಿಂಬಿನ ಪಕ್ಕ ಒಂದು ಕಟ್ಟು ಇಟ್ಟುಕೊಳ್ಳುವುದು ಒಳ್ಳೆಯ ವ್ಯವಸ್ಥೆ. ಪರಿಮಳ ಮತ್ತು ಆಲ್ಕೋಹಾಲ್ ಇಲ್ಲದ ಬಗೆಯನ್ನೇ ಆರಿಸಬೇಕು. ಕೆಲವರಿಗೆ ಅದು ಬಿಟ್ಟುಹೋಗುವ ಅಂಟು ಇಷ್ಟವಾಗುವುದಿಲ್ಲ, ಖರ್ಚೂ ಹೆಚ್ಚು. ಅವರಿಗೆ ಒದ್ದೆ ಬಟ್ಟೆಯೇ ಸರಿ.

ಬೆಳಿಗ್ಗೆಯೋ ಸಂಜೆಯೋ

ಹೊತ್ತಿನ ಆಯ್ಕೆಗೆ ಯಾವ ಖರ್ಚೂ ಇಲ್ಲ, ಲಾಭ ಮಾತ್ರ ದೊಡ್ಡದು. ಖಿನ್ನತೆಯಲ್ಲಿ ಹಲವರಿಗೆ ಬೆಳಗಿನ ಹೊತ್ತೇ ಅತಿ ಕೆಟ್ಟದ್ದಾಗಿದ್ದು ಸಂಜೆಯ ಹೊತ್ತಿಗೆ ಮನಸ್ಸು ಸ್ವಲ್ಪ ಹಗುರವಾಗುತ್ತದೆ. ರಾತ್ರಿ ತೆಗೆದುಕೊಂಡ ಮಾತ್ರೆಯ ಮಂಪರು ಕೂಡ ಬೆಳಿಗ್ಗೆ ಉಳಿದಿರುತ್ತದೆ. ಪಾಟ್ಸ್ ಇರುವವರಿಗೂ ಬೆಳಿಗ್ಗೆ ಎದ್ದ ಕೂಡಲೇ ಸ್ನಾನ ಒಳ್ಳೆಯದಲ್ಲ. ಇವರಿಗೆಲ್ಲ ಸಂಜೆಯ ಸ್ನಾನ ಹೊಂದುತ್ತದೆ. ಆಮವಾತದವರಿಗೆ ಮಾತ್ರ ಬೆಳಗಿನ ಬಿಸಿನೀರೇ ಮೇಲು. ಶ್ವಾಸಕೋಶದ ಕಾಯಿಲೆಯವರು ಇನ್‌ಹೇಲರ್ ತೆಗೆದುಕೊಂಡು ಉಸಿರು ಹದಕ್ಕೆ ಬಂದ ಮೇಲೆ ಹೋಗಬೇಕು.

ಸಾಬೂನು, ಹಿಟ್ಟು, ಬೈರಾಸು

ನಮ್ಮ ಚರ್ಮ ಸ್ವಲ್ಪ ಆಮ್ಲೀಯ, ಅದರ ಪಿಎಚ್ ಸುಮಾರು 5; ಸಾಮಾನ್ಯ ಸಾಬೂನಿನದು 9ರಿಂದ 10, ಅಂದರೆ ಕ್ಷಾರೀಯ. ಒಣಚರ್ಮ, ತುರಿಕೆ, ಸೋರಿಯಾಸಿಸ್ ಇರುವವರಿಗೆ ಔಷಧದ ಅಂಗಡಿಯಲ್ಲಿ ಸಿಗುವ, ಪಿಎಚ್ 5.5ರ ಆಸುಪಾಸಿನ ಪರಿಮಳವಿಲ್ಲದ ಬಾರ್ ಹೆಚ್ಚು ಮೃದು. ಹೆಸರಿನ ಹಿಟ್ಟು, ಕಡಲೆ ಹಿಟ್ಟು ಪರಿಮಳದ ಕಿರಿಕಿರಿ ಇರುವವರಿಗೆ ಒಳ್ಳೆಯದು, ಆದರೆ ಅದರ ತರಿ ಸ್ಪರ್ಶಸೂಕ್ಷ್ಮತೆ ಇರುವವರಿಗೆ ಆಗುವುದಿಲ್ಲ. ಕಲಸುವುದು, ತೊಳೆದು ತೆಗೆಯುವುದು ಎಂದು ಎರಡು ಹಂತಗಳೂ ಸೇರುತ್ತವೆ. ಖಿನ್ನತೆಯವರಿಗೆ ಒತ್ತಿದರೆ ಬರುವ ದ್ರವ ಸಾಬೂನು ಸುಲಭ. ನೋಯುವ ಬೆರಳುಗಳಿಗೂ ಜಾರುವ ಬಾರ್‌ಗಿಂತ ಅದೇ ಸರಿ.

ಒರೆಸಿಕೊಳ್ಳಲು ದಪ್ಪ ಟರ್ಕಿ ಟವೆಲಿಗಿಂತ ನಮ್ಮ ಕಡೆಯ ತೆಳುವಾದ ಹತ್ತಿಯ ತೋರ್ತು ಮಳೆಗಾಲದಲ್ಲಿ ಬಹಳ ಉತ್ತಮ, ಏಕೆಂದರೆ ಅದು ಬೇಗ ಒಣಗುತ್ತದೆ, ಹಿಂಡಲು ಕೈಗೆ ಭಾರವಿಲ್ಲ. ಆದರೆ ಹೊಸ ತೋರ್ತು ಒರಟು. ನಾಲ್ಕಾರು ಸಲ ಒಗೆದ ಮೇಲೆ ಸೂಕ್ಷ್ಮ ಚರ್ಮದವರಿಗೆ ಕೊಡಬೇಕು. ಉಜ್ಜುವುದಕ್ಕಿಂತ ಒತ್ತಿ ಒರೆಸುವುದು ಎಲ್ಲರಿಗೂ ಹಿತ. ಮೃದುವಾಗಿ ಸವರುವ ಸ್ಪರ್ಶ ತಡೆಯಲಾರದ ಮಕ್ಕಳು ಗಟ್ಟಿಯಾಗಿ ಒತ್ತುವ ಸ್ಪರ್ಶವನ್ನು ಹಲವು ಸಲ ಸುಲಭವಾಗಿ ಒಪ್ಪುತ್ತಾರೆ. ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿದ ಬಟ್ಟೆಯ ಹೊಗೆವಾಸನೆ ಕೆಲವರಿಗೆ ಬಟ್ಟೆ ಬದಲಿಸುವುದನ್ನೇ ಅಸಾಧ್ಯ ಮಾಡುತ್ತದೆ. ಅವರ ಒಳಉಡುಪನ್ನಾದರೂ ಫ್ಯಾನಿನ ಕೆಳಗೆ ಒಣಗಿಸಬೇಕು.

ಆನೆಕಾಲಿನ ಊತ ಇರುವವರಿಗೆ ಈ ವಿಷಯದಲ್ಲಿ ಆಯ್ಕೆ ಕಡಿಮೆ, ನಿಯಮ ಹೆಚ್ಚು. ಕಾಲನ್ನು ದಿನವೂ ಸಾಬೂನು ಮತ್ತು ನೀರಿನಿಂದ ತೊಳೆದು, ಬೆರಳುಗಳ ಸಂದನ್ನೂ ಮಡಿಕೆಗಳನ್ನೂ ಪೂರ್ತಿ ಒಣಗಿಸುವುದು ಚಿಕಿತ್ಸೆಯ ಬುಡದಲ್ಲಿಯೇ ಇದೆ. ಬಿಟ್ಟರೆ ಸೋಂಕು ತಗಲಿ ಜ್ವರ ಬಂದು ಊತ ಏರುತ್ತದೆ. ಕಾಸರಗೋಡಿನ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ ರೂಪಿಸಿದ, ಆಯುರ್ವೇದ ಮತ್ತು ಆಧುನಿಕ ವೈದ್ಯವನ್ನು ಜೋಡಿಸಿದ ಚಿಕಿತ್ಸಾಕ್ರಮದಲ್ಲಿಯೂ ಮನೆಯಲ್ಲಿ ಮಾಡುವ ಈ ತೊಳೆಯುವಿಕೆಗೆ ದೊಡ್ಡ ಸ್ಥಾನವಿದೆ. ಒಂದೇ ಕೆಲಸಕ್ಕೆ ಶಕ್ತಿಯಿರುವ ದಿನ ಇವರು ಸ್ನಾನ ಬಿಟ್ಟರೂ ಕಾಲು ತೊಳೆಯುವುದನ್ನು ಬಿಡಬಾರದು. ಸಕ್ಕರೆ ಕಾಯಿಲೆಯವರೂ ಹೀಗೆಯೇ ಪಾದವನ್ನು ದಿನವೂ ನೋಡಿಕೊಳ್ಳಬೇಕು. ಅವರು ನೀರಿನಲ್ಲಿ ಕಾಲು ನೆನೆಸಿಡಬಾರದು, ಬೆರಳುಗಳ ಸಂದಿಗೆ ಎಣ್ಣೆ ಅಥವಾ ಕ್ರೀಮು ಹಚ್ಚಬಾರದು.

ತಲೆ ಮತ್ತು ಹಲ್ಲು

ಉದ್ದ ಕೂದಲಿಗೆ ಎಣ್ಣೆ ಹಚ್ಚಿ, ಸೀಗೆ ಅಥವಾ ದಾಸವಾಳದ ಸೊಪ್ಪಿನ ಗೊಂಪಿನಿಂದ ತೊಳೆದು, ಒಣಗಿಸುವುದು ಆರೋಗ್ಯವಂತರಿಗೂ ಅರ್ಧ ದಿನದ ಕೆಲಸ. ಮಳೆಗಾಲದಲ್ಲಿ ಒದ್ದೆ ಕೂದಲನ್ನೇ ಕಟ್ಟಿಕೊಂಡರೆ ನೆತ್ತಿಯಲ್ಲಿ ತುರಿಕೆ, ವಾಸನೆ ಹುಟ್ಟುತ್ತದೆ. ವಾರಕ್ಕೊಮ್ಮೆ ಶಾಂಪೂ, ಉಳಿದ ದಿನ ಸಡಿಲವಾದ ಜಡೆ ಎಂಬುದು ಹೆಚ್ಚಿನವರಿಗೆ ಸಾಕು. ಡ್ರೈ ಶಾಂಪೂ ಜಿಡ್ಡನ್ನು ಹೀರಿಕೊಳ್ಳುತ್ತದೆಯೇ ಹೊರತು ಕೊಳೆ ತೆಗೆಯುವುದಿಲ್ಲ, ಅದರ ಪುಡಿ ಮತ್ತು ಪರಿಮಳ ಸೂಕ್ಷ್ಮ ಮೂಗಿನವರಿಗೆ ಆಗುವುದಿಲ್ಲ. ಕೂದಲನ್ನು ಗಿಡ್ಡ ಮಾಡಿಸುವುದು ಎಲ್ಲಕ್ಕಿಂತ ಶ್ರಮ ಉಳಿಸುವ ಉಪಾಯ, ಆದರೆ ಅದು ರೋಗಿಯದ್ದೇ ನಿರ್ಧಾರವಾಗಿರಬೇಕು. ನೋಡಿಕೊಳ್ಳುವವರ ಅನುಕೂಲಕ್ಕಾಗಿ ಒಪ್ಪಿಗೆಯಿಲ್ಲದೆ ಕತ್ತರಿಸುವುದನ್ನು ಯಾವ ಕಾರಣಕ್ಕೂ ಮಾಡಬಾರದು.

ಹಲ್ಲಿನ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಒತ್ತಾಯ ಮಾಡುತ್ತೇನೆ, ಏಕೆಂದರೆ ಸ್ನಾನ ತಪ್ಪಿದ್ದಕ್ಕೆ ಮುಂದೆ ಪರಿಹಾರವಿದೆ, ಹುಳುಕಾದ ಹಲ್ಲು ಮೊದಲಿನಂತಾಗುವುದಿಲ್ಲ. ಖಿನ್ನತೆಗೂ ನರನೋವಿಗೂ ಕೊಡುವ ಅಮಿಟ್ರಿಪ್ಟಿಲಿನ್‌ನಂಥ ಮಾತ್ರೆಗಳು ಬಾಯಿ ಒಣಗಿಸುತ್ತವೆ, ಜೊಲ್ಲು ಕಡಿಮೆಯಾದಾಗ ಹುಳುಕು ಬೇಗ ಹರಡುತ್ತದೆ. ಎರಡು ಹೊತ್ತು ಆಗದಿದ್ದರೆ ರಾತ್ರಿ ಮಲಗುವ ಮುನ್ನ ಒಂದು ಹೊತ್ತು ಸಾಕು. ಹಾಸಿಗೆಯಲ್ಲಿ ಕುಳಿತೇ ಉಜ್ಜಬಹುದು. ಪುದೀನದ ಖಾರ ಮತ್ತು ನೊರೆ ಸಹಿಸಲಾರದವರು ಸೌಮ್ಯ ರುಚಿಯ, ನೊರೆ ಕಡಿಮೆ ಬರುವ ಪೇಸ್ಟ್ ತೆಗೆದುಕೊಳ್ಳಬೇಕು; ಫ್ಲೋರೈಡ್ 1000 ಪಿಪಿಎಂಗಿಂತ ಕಡಿಮೆ ಇರಬಾರದು. ಯಾವ ಪೇಸ್ಟೂ ಆಗದವರಿಗೆ ಬರಿಯ ನೀರಿನಲ್ಲಿ ಮೆತ್ತನೆಯ ಬ್ರಶ್ಶಿನಿಂದ ಉಜ್ಜುವುದು ಏನೂ ಮಾಡದಿರುವುದಕ್ಕಿಂತ ಎಷ್ಟೋ ಮೇಲು. ಎಲೆಕ್ಟ್ರಿಕ್ ಬ್ರಶ್ ಸಂಧಿನೋವಿನ ಕೈಗೆ ವರದಾನ, ಆದರೆ ಅದರ ಕಂಪನ ಸೂಕ್ಷ್ಮತೆಯವರಿಗೆ ಹಿಂಸೆ. ಅವರಿಗೆ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿದ ಸಾಮಾನ್ಯ ಬ್ರಶ್ ಸಾಕು. ಉಮಿಕರಿಯಿಂದ ಉಜ್ಜುವ ಹಳೆಯ ಪದ್ಧತಿ ಹಲ್ಲಿನ ಮೇಲ್ಪದರವನ್ನು ಸವೆಸುತ್ತದೆ, ಅದರಲ್ಲಿ ಫ್ಲೋರೈಡೂ ಇಲ್ಲ. ಕ್ಲೋರ್‌ಹೆಕ್ಸಿಡಿನ್ ಇರುವ ಬಾಯಿ ಮುಕ್ಕಳಿಸುವ ದ್ರವವನ್ನು ಬ್ರಶ್ಶಿಗೆ ಬದಲಾಗಿ ತಿಂಗಳುಗಟ್ಟಲೆ ಬಳಸಿದರೆ ಹಲ್ಲು ಕಂದುತ್ತದೆ. ದಂತವೈದ್ಯರು ಹೇಳಿದಷ್ಟು ದಿನಕ್ಕೇ ಅದು ಮೀಸಲು.

ಮುಟ್ಟಿನ ದಿನಗಳಿಗೆ ಪ್ಯಾಡ್ ಸುಲಭ, ಆದರೆ ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಿಸುವುದನ್ನು ನೆನಪಿಡಬೇಕು. ಕಪ್ ಹನ್ನೆರಡು ಗಂಟೆಯವರೆಗೂ ಇರಬಲ್ಲದಾದರೂ ಒಳಗಿಡುವ ಸ್ಪರ್ಶ ಎಲ್ಲರಿಗೂ ಆಗುವುದಿಲ್ಲ, ಬೆರಳು ನೋಯುವವರಿಗೆ ತೆಗೆಯುವುದೂ ಕಷ್ಟ. ಈ ಎರಡೂ ಬೇಡವಾದವರಿಗೆ ಹೀರುವ ಒಳಉಡುಪು ಮೂರನೆಯ ದಾರಿ.

ಯಾರ ಸಹಾಯ

ಎಂಡೋಸಲ್ಫಾನ್ ಎಂಬ ಕೀಟನಾಶಕದ ಸಿಂಪಡಣೆಯ ನೋವನ್ನು ಉಂಡ ಎಣ್ಮಕಜೆ, ಮುಳಿಯಾರಿನಂಥ ಊರುಗಳಲ್ಲಿ ಬೆಳೆದ ಮಕ್ಕಳನ್ನು ಇಂದಿಗೂ ಎತ್ತಿ ಮೀಯಿಸುತ್ತಿರುವ ತಾಯಂದಿರಿದ್ದಾರೆ. ಅವರ ಬೆನ್ನು ಉಳಿಯಬೇಕಾದರೆ ದಿನವೂ ಬಚ್ಚಲಿಗೆ ಎತ್ತಿಕೊಂಡು ಹೋಗುವುದಕ್ಕಿಂತ, ವಾರದಲ್ಲಿ ಎರಡು ದಿನ ಇನ್ನೊಬ್ಬರ ಕೈಜೋಡಿಕೆಯಿಂದ ಪೂರ್ಣ ಸ್ನಾನ, ಉಳಿದ ದಿನ ಹಾಸಿಗೆಯಲ್ಲಿಯೇ ಒರೆಸುವುದು ಸರಿಯಾದ ಹಂಚಿಕೆ. ಮನೆಯವರು ಮೀಯಿಸಿದರೆ ರೋಗಿಗೆ ಪರಿಚಯದ ಕೈ ಎಂಬ ನೆಮ್ಮದಿ ಇರುತ್ತದೆ, ಆದರೆ ಬೆಳೆದ ಮಗನಿಗೆ ತಾಯಿಯೆದುರು, ಮಾವನಿಗೆ ಸೊಸೆಯೆದುರು ಆಗುವ ಸಂಕೋಚವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೋಂ ನರ್ಸ್ ಇಟ್ಟುಕೊಂಡರೆ ಆ ಸಂಕೋಚ ಕಡಿಮೆ, ಖರ್ಚು ಹೆಚ್ಚು. ಕೇರಳದಲ್ಲಿ 2008ರಿಂದ ಪಾಲಿಯೇಟಿವ್ ಆರೈಕೆಗೆ (ದೀರ್ಘ, ಗಂಭೀರ ಕಾಯಿಲೆಯವರ ನೋವು ತಗ್ಗಿಸುವ ಆರೈಕೆ) ಸರಕಾರದ ನೀತಿಯಿದ್ದು, ಪಂಚಾಯತಿನ ಮೂಲಕ ದಾದಿಯರು ಮನೆಗೇ ಬಂದು ಹಾಸಿಗೆ ಹಿಡಿದವರನ್ನು ನೋಡುತ್ತಾರೆ. ದಿನವೂ ಮೀಯಿಸಲು ಅವರಿಂದ ಸಾಧ್ಯವಾಗದಿದ್ದರೂ ಸರಿಯಾಗಿ ತಿರುಗಿಸುವುದು, ಒರೆಸುವುದು, ಹಾಸಿಗೆಹುಣ್ಣು ತಡೆಯುವುದನ್ನು ಮನೆಯವರಿಗೆ ಕಲಿಸಿಕೊಡುತ್ತಾರೆ. ವಾರ್ಡಿನ ಆಶಾ ಕಾರ್ಯಕರ್ತೆಗೆ ಹೇಳಿದರೆ ಹೆಸರು ಸೇರಿಸಬಹುದು. ಬರುವ ದಾದಿಗೆ ಮಲಯಾಳ ಮಾತ್ರ ತಿಳಿದಿದ್ದು ರೋಗಿಗೆ ಕನ್ನಡವೋ ತುಳುವೋ ಮಾತ್ರ ಬರುವುದಾದರೆ, ಯಾವ ನೀರು, ಯಾವ ಸಾಬೂನು, ಎಲ್ಲಿ ಮುಟ್ಟಬಾರದು ಎಂಬುದನ್ನು ಮಲಯಾಳ ಬಲ್ಲವರಿಂದ ಬರೆಸಿ ಗೋಡೆಗೆ ಅಂಟಿಸಿಡಬೇಕು. ಸಹಾಯ ಮಾಡುವವರು ಯಾರೇ ಆಗಲಿ, ಮುಟ್ಟುವ ಮೊದಲು ಹೇಳಬೇಕು, ತೊಳೆಯದ ಭಾಗವನ್ನು ಮುಚ್ಚಿರಬೇಕು, ಸಾಧ್ಯವಾದ ಕಡೆ ಬಟ್ಟೆಯನ್ನು ರೋಗಿಯ ಕೈಗೇ ಕೊಡಬೇಕು.

ಸ್ನಾನದ ಮೇಲಿನ ಆಸಕ್ತಿ ಇದ್ದಕ್ಕಿದ್ದಂತೆ ಹೋಗಿ ಊಟ, ನಿದ್ದೆಯೂ ಎರಡು ವಾರಗಳಿಂದ ಕೆಟ್ಟಿದ್ದರೆ ಅದು ಸೋಮಾರಿತನವಲ್ಲ, ಮನೋವೈದ್ಯರಿಗೆ ತೋರಿಸಬೇಕಾದ ಲಕ್ಷಣ. ಖಿನ್ನತೆಯ ಮಾತ್ರೆ ಕೆಲಸ ತೋರಿಸಲು ಕೆಲವು ವಾರ ಬೇಕಾಗುತ್ತದೆ, ಮೇಲೆ ಹೇಳಿದ ಕಡಿಮೆ ಶ್ರಮದ ಕ್ರಮಗಳು ಆ ವಾರಗಳನ್ನು ದಾಟಿಸುತ್ತವೆ. ಬದುಕೇ ಬೇಡವೆಂಬ ಮಾತು ಬಂದರೆ ಕಾಯದೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬೇಕು. ಹಗಲು ರಾತ್ರಿ ಉಚಿತವಾಗಿ ಸಿಗುವ ಈ ಸೇವೆಯಲ್ಲಿ ಭಾಷೆಯನ್ನು ಆರಿಸಿಕೊಳ್ಳಬಹುದು. ಕಾಲು ಕೆಂಪಾಗಿ ಬಿಸಿಯೇರಿ ಜ್ವರ ಬಂದಿದ್ದರೆ, ಪಾದದಲ್ಲಿ ನೋವಿಲ್ಲದ ಹುಣ್ಣು ಕಂಡರೆ, ಮೀಯುವಾಗ ಒಮ್ಮೆಯಾದರೂ ಪ್ರಜ್ಞೆ ತಪ್ಪಿದ್ದರೆ, ಸ್ನಾನದ ಕ್ರಮ ಬದಲಿಸಿ ನೋಡುತ್ತ ಕೂರದೆ ಅದೇ ದಿನ ವೈದ್ಯರನ್ನು ಕಾಣಬೇಕು.